ವಸಂತಿ ಡಾಕ್ಟರು ಕೇಳುತ್ತಿದ್ದ ಪ್ರಶ್ನೆ

ಥಾಣೆಯಲ್ಲಿ ಇಳಿದು ಐರೋಲಿಯ ಲೋಕಲ್ ರೈಲು ಹತ್ತಿದಾಗ ಎದುರಿನ ಸೀಟಿನ ಹೆಂಗಸೊಬ್ಬರು ಮೋಸಂಬಿ ಸುಲಿಯುತ್ತಿದ್ದರು. ಸಿಪ್ಪೆಯ ವಾಸನೆ ಮೂಗಿಗೆ ತಾಗಿದ್ದೇ ವಸಂತಿ ಡಾಕ್ಟರು ನೆನಪಾದರು. ನಿಜ ಹೇಳಬೇಕೆಂದರೆ ಅದಕ್ಕೆ ವಾಸನೆಯೂ ಬೇಕಿರಲಿಲ್ಲ. ನಾನು ಹೊರಟಿದ್ದ ಕೆಲಸವೇ ಅಂಥದ್ದು. ಹಿಂದಿನ ದಿನ ಗೆಳೆಯ ಪ್ರಭಾಕರ ಫೋನ್ ಮಾಡಿ, "ನನ್ನ ಮದ್ದಳೆ ನೀನು ತಕ್ಕೊಂಡು ಹೋಗು ಮಾರಾಯ, ನನಗಿನ್ನು ಎಂತಕ್ಕೆ?" ಎಂದಿದ್ದ. ಹೆಂಡತಿ ತೀರಿಕೊಂಡ ಮೇಲೆ ಅವನ ಮಾತು ಕಡಿಮೆಯಾಗಿತ್ತು. ಊಟವೂ ಕಡಿಮೆಯಾಗಿದೆ ಎಂದು ಅವನ ಮಗಳು ರಶ್ಮಿ ಹೇಳಿದ್ದಳು. ಆದರೆ ಯಕ್ಷಗಾನಕ್ಕೆ ಬಾರಿಸುತ್ತಿದ್ದ ಆ ಮದ್ದಳೆಯನ್ನು ಯಾರಾದರೂ ಮುಟ್ಟಿದರೂ ಸಿಡುಕುತ್ತಿದ್ದವನು ಅದನ್ನೇ ಕೊಟ್ಟುಬಿಡುತ್ತೇನೆ ಎಂದಾಗ ನನಗೆ ಹೆದರಿಕೆಯಾಯಿತು. ಪ್ರೀತಿಯ ವಸ್ತುಗಳನ್ನು ಹಂಚತೊಡಗಿದವರನ್ನು ಸುಮ್ಮನೆ ಬಿಡಬೇಡಿ ಎಂದು ವಸಂತಿ ಡಾಕ್ಟರು ಹೇಳುತ್ತಿದ್ದರು.

ಅವರು ಮನೋವೈದ್ಯರು. ಹುಟ್ಟಿ ಬೆಳೆದದ್ದು ಥಾಣೆಯ ನೌಪಾಡಾದಲ್ಲಿ, ಮನೆಯಲ್ಲಿ ತುಳು, ಶಾಲೆಯಲ್ಲಿ ಮರಾಠಿ. ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುವಾಗ ಮುರಿದು ಬೀಳುತ್ತಿತ್ತು. ಶನಿವಾರ ಮಧ್ಯಾಹ್ನ ವಿಠ್ಠಲವಾಡಿ ಸ್ಟೇಷನ್ನಿನ ಹತ್ತಿರ ಒಂದು ಕೋಣೆಯಲ್ಲಿ ಉಚಿತವಾಗಿ ರೋಗಿಗಳನ್ನು ನೋಡುತ್ತಿದ್ದರು. ಬರುವವರಲ್ಲಿ ಕಲಬುರಗಿ, ರಾಯಚೂರು ಕಡೆಯ ಕೂಲಿಯವರು ಹೆಚ್ಚು. ಅವರ ಮಾತು ಡಾಕ್ಟರಿಗೆ ಪೂರ್ತಿ ಹಿಡಿಯುತ್ತಿರಲಿಲ್ಲ. ಹಾಗಾಗಿ ಕನ್ನಡ ಪತ್ರಿಕೆಯೊಂದರ ಉಪಸಂಪಾದಕನಾಗಿದ್ದ ನನ್ನನ್ನು ದುಭಾಷಿಯಾಗಿ ಕೂರಿಸಿಕೊಂಡರು. ಕರಾವಳಿಯವನಾದ ನನಗೂ ಆ ಮಾತು ಮುಕ್ಕಾಲೇ. ಆದರೆ ಪತ್ರಿಕೆಯವನಿಗೆ ಎಲ್ಲ ಗೊತ್ತಿರುತ್ತದೆ ಎಂಬ ಜನರ ನಂಬಿಕೆಯನ್ನು ನಾನೇಕೆ ಕೆಡಿಸಲಿ?

ರೋಗಿ ಕುಳಿತ ಕೂಡಲೇ ಅವರು ಮೋಸಂಬಿಯೊಂದನ್ನು ಸುಲಿಯತೊಡಗುತ್ತಿದ್ದರು. "ಮುಖ ನೋಡ್ತಾ ಕೂತ್ರೆ ಯಾರು ಬಾಯಿ ಬಿಡ್ತಾರೆ? ನನ್ನ ಕೈ ನೋಡ್ಲಿ" ಎನ್ನುತ್ತಿದ್ದರು. ಸುಲಿದದ್ದರಲ್ಲಿ ಅರ್ಧ ರೋಗಿಗೆ, ಅರ್ಧ ಜೊತೆಗೆ ಬಂದವರಿಗೆ. ನನ್ನ ಪಾಲಿಗೆ ಬೀಜ ಎಂದು ನಾನು ಗೊಣಗುತ್ತಿದ್ದೆ.

ಒಂದು ಶನಿವಾರ ಶರಣಪ್ಪ ಎಂಬವನು ಅಕ್ಕನ ಜೊತೆ ಬಂದ. ಲೋಡಿಂಗ್ ಕೆಲಸದವನು, ಬೆನ್ನಿಗೆ ಪೆಟ್ಟಾಗಿ ತಿಂಗಳುಗಟ್ಟಲೆ ಮನೆಯಲ್ಲಿದ್ದ. ನಿದ್ದೆಯಿಲ್ಲ ಎಂದ, ಹಸಿವಿಲ್ಲ ಎಂದ. ಡಾಕ್ಟರು ನನಗೆ ಮರಾಠಿಯಲ್ಲಿ, ಸಾಯಬೇಕು ಅನ್ನಿಸುತ್ತದೆಯೇ ಎಂದು ಕೇಳಿ ಎಂದರು.

ಇಲ್ಲಿ ನನ್ನ ಕಸುಬಿನ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಪತ್ರಿಕೆಯ ಡೆಸ್ಕಿನಲ್ಲಿ ಆತ್ಮಹತ್ಯೆಯ ಸುದ್ದಿಗೆ ಕಟ್ಟುನಿಟ್ಟಿನ ನಿಯಮವಿತ್ತು. ತಲೆಬರಹದಲ್ಲಿ ಆ ಪದ ಬರಕೂಡದು, ಹೇಗೆ ಎಂಬ ವಿವರ ಬೇಡ, ಒಳಪುಟದಲ್ಲಿ ನಾಲ್ಕು ಸಾಲು ಸಾಕು. ಒಳ್ಳೆಯ ನಿಯಮ, ಇಂದಿಗೂ ಅದನ್ನು ಒಪ್ಪುತ್ತೇನೆ. ಆದರೆ ಅಷ್ಟು ವರ್ಷ ಪಾಲಿಸಿದ್ದು ಚಪ್ಪಲಿಯ ಹಾಗೆ ಬಾಗಿಲಲ್ಲಿ ಉಳಿಯುವುದಿಲ್ಲ. ನನ್ನ ಹಿಂದೆಯೇ ಆ ಕೋಣೆಗೂ ಬಂದಿತ್ತು. ಹೆಸರೆತ್ತಿದರೆ ಅವನ ತಲೆಗೆ ಹೊಕ್ಕೀತು ಎಂದುಕೊಂಡು, "ಮನಸ್ಸಿಗೆ ಬೇಜಾರು ಗೀಜಾರು ಆಗ್ತದೆಯಾ? ಅಂಥದ್ದೇನೂ ಇಲ್ಲ ಅಲ್ವಾ?" ಎಂದು ಕೇಳಿದೆ.

"ಏನಿಲ್ರೀ" ಎಂದ ಶರಣಪ್ಪ. ಉತ್ತರವನ್ನೂ ನಾನೇ ಹೇಳಿಕೊಟ್ಟ ಮೇಲೆ ಅವನು ಬೇರೇನು ಹೇಳಿಯಾನು?

ಮೋಸಂಬಿ ಸುಲಿಯುತ್ತಿದ್ದ ಡಾಕ್ಟರ ಕೈ ನಿಂತಿತು. "ನಾನು ಕೇಳಿದ್ದು ಅದಲ್ಲ" ಎಂದರು ನನಗೆ, ಮರಾಠಿಯಲ್ಲೇ. "ಆ 'ಇಲ್ಲ' ಅವರದ್ದಲ್ಲ, ನಿಮ್ಮದು." ಆಮೇಲೆ ತಮ್ಮ ಮುರುಕು ಕನ್ನಡದಲ್ಲಿ ತಾವೇ ಕೇಳಿದರು: "ಅಣ್ಣಾ, ನಿಮಗೆ ಸಾಯ್ಬೇಕು ಅಂತ ಆಗ್ತದಾ?"

ಹೊರಗೆ ಕರ್ಜತ್ ಲೋಕಲ್ ಹಾದುಹೋಯಿತು. ಅದರ ಸದ್ದು ಅಡಗಿದ ಮೇಲೆ ಅವನು ಬಾಯಿ ಬಿಟ್ಟ.

"ಆಗ್ತದ್ರೀ. ದಿನಾ ಆಗ್ತದ. ಯಾರೂ ಕೇಳಿದ್ದಿಲ್ಲ ನೋಡ್ರಿ."

ಅಕ್ಕ ಸೆರಗನ್ನು ಬಾಯಿಗೊತ್ತಿಕೊಂಡಳು. "ನನ್ ಮುಂದ ಯಾಕ ಹೇಳ್ಲಿಲ್ಲೋ ತಮ್ಮಾ?"

"ನಿನ್ ಮುಂದ ಹೆಂಗ ಹೇಳ್ಲಿ ಯಕ್ಕಾ?"

ಡಾಕ್ಟರು ಗಾಬರಿಯಾಗಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಯಾವಾಗಿನಿಂದ ಹೀಗೆ, ಏನಾದರೂ ಮಾಡಿಕೊಳ್ಳಲು ಯೋಚಿಸಿಟ್ಟಿದ್ದಾನೆಯೇ, ಯಾರ ನೆನಪು ಅವನನ್ನು ತಡೆಯುತ್ತದೆ ಎಂದು ಒಂದೊಂದಾಗಿ ಕೇಳಿದರು. ಈ ಸಲ ನಾನು ಒಂದಕ್ಷರವನ್ನೂ ಆಚೀಚೆ ಮಾಡಲಿಲ್ಲ. ಮನೆಯಲ್ಲಿ ಅಪಾಯವೆನಿಸಿದ್ದನ್ನೆಲ್ಲ ಅಕ್ಕ ತನ್ನ ವಶಕ್ಕೆ ತೆಗೆದುಕೊಳ್ಳುವುದೆಂದಾಯಿತು. ಆ ಯೋಚನೆ ಬಂದಾಗ ಯಾರ ಹತ್ತಿರ ಹೋಗುತ್ತಾನೆ, ಯಾರಿಗೆ ಫೋನ್ ಮಾಡುತ್ತಾನೆ ಎಂಬುದನ್ನು ಅವನ ಬಾಯಿಂದಲೇ ಹೇಳಿಸಿ ನನ್ನಿಂದ ಚೀಟಿಯಲ್ಲಿ ಬರೆಸಿದರು. ನನ್ನ ವೃತ್ತಿಜೀವನದಲ್ಲಿ ಅದಕ್ಕಿಂತ ಉಪಯುಕ್ತವಾದದ್ದನ್ನು ನಾನು ಬರೆದಿಲ್ಲ. ಶನಿವಾರದವರೆಗೆ ಕಾಯಬೇಡಿ, ಮೂರು ದಿನಕ್ಕೆ ಮತ್ತೆ ಬನ್ನಿ ಎಂದರು. ಬಂದ. ಔಷಧಿ, ಮಾತು, ಮತ್ತೆ ಮಾತು. ಒಂದು ಶನಿವಾರ, ಡೊಂಬಿವಲಿಯಲ್ಲಿ ವಾಚ್‌ಮನ್ ಕೆಲಸ ಸಿಕ್ಕಿತು ಎಂದು ಹೇಳಿ ಹೋಗುವುದಕ್ಕೆಂದೇ ಬಂದಿದ್ದ.

ವಸಂತಿ ಡಾಕ್ಟರು ಕಳೆದ ವರ್ಷ ಹೃದಯದ ಕಾಯಿಲೆಯಿಂದ ತೀರಿಕೊಂಡರು. ನನಗೀಗ ಶನಿವಾರ ಮಧ್ಯಾಹ್ನ ಏನು ಮಾಡುವುದೆಂದು ತಿಳಿಯುವುದಿಲ್ಲ. ಊಟ ಮುಗಿಸಿ ಶರಟು ಹಾಕಿಕೊಳ್ಳುತ್ತೇನೆ, ಸ್ವಲ್ಪ ಹೊತ್ತು ನಿಂತು ತೆಗೆಯುತ್ತೇನೆ. ನಿಮಗೂ ವಾರದಲ್ಲಿ ಅಂಥ ಒಂದು ದಿನ ಇದ್ದೀತು. ಐರೋಲಿಗೆ ಹೋಗುತ್ತ ನಾನು ಬಯಸಿದ್ದು ಇಷ್ಟೇ: ಪ್ರಭಾಕರನ ಮುಂದೆ ಕೂರುವಾಗ ಅವರು ಪಕ್ಕದಲ್ಲಿರಬೇಕಿತ್ತು, ನಾನು ಮಾತು ತಪ್ಪಿಸಿದರೆ ಹಿಡಿಯಲು.

ತಪ್ಪಿಸಲು ನೋಡಿದೆ ಕೂಡ. ಪ್ರಭಾಕರ ಚಹಾ ಮಾಡಿ ಕೊಟ್ಟ. ನಾನು ಈಗಲೇ ಹೊರಡುವವನ ಹಾಗೆ ಚೀಲವನ್ನು ತೊಡೆಯ ಮೇಲೆಯೇ ಇಟ್ಟುಕೊಂಡು ಸೆಖೆಯ ಬಗ್ಗೆ ಮಾತಾಡಿದೆ, ಹೌಸಿಂಗ್ ಸೊಸೈಟಿಯ ನೀರಿನ ಬಗ್ಗೆ ಮಾತಾಡಿದೆ.

"ನೀನೆಂತ, ಪೇಪರ್ ಓದಿ ಹೇಳ್ಲಿಕ್ಕೆ ಬಂದದ್ದಾ?" ಎಂದ. ಕುಟುಕು ಹಳೆಯದೇ, ಸ್ವರದಲ್ಲಿ ಮಾತ್ರ ಜೀವವಿರಲಿಲ್ಲ.

"ಅಲ್ಲ. ಪ್ರಭಾಕರ, ನಿನಗೆ ಸಾಯ್ಬೇಕು ಅಂತ ಆಗ್ತದಾ?"

ಅವನು ಲೋಟವನ್ನು ಕೆಳಗಿಟ್ಟ. ಆ ಮೌನಕ್ಕೊಂದು ವಾಕ್ಯ ತುರುಕಲು ನನ್ನ ನಾಲಿಗೆ ಚಡಪಡಿಸಿತು; ತುರುಕಲಿಲ್ಲ.

"ಆಗ್ತದೆ" ಎಂದ.

"ರಶ್ಮಿ ಬರುವವರೆಗೆ ನಾನು ಇಲ್ಲೇ ಇರ್ತೇನೆ. ಅವಳಿಗೆ ಒಟ್ಟಿಗೆ ಹೇಳುವ. ನಾಳೆ ಬೆಳಿಗ್ಗೆ ಒಬ್ಬ ಡಾಕ್ಟರ ಹತ್ರವೂ ಒಟ್ಟಿಗೇ ಹೋಗುವ."

ಅವನು ನನ್ನ ತೊಡೆಯ ಮೇಲಿದ್ದ ಚೀಲವನ್ನು ನೋಡಿದ. "ಹಾಗಾದ್ರೆ ಅದನ್ನು ಕೆಳಗಿಡು ಮಾರಾಯ. ಹೇಳ್ಲಿಕ್ಕೆ ತುಂಬ ಉಂಟು."

ಇಟ್ಟೆ.