ನಮ್ಮೋರ ಎಡಗಿವಿ

ಭೀಮನಬೀಡಿನಲ್ಲಿ ಯಾರ ಹೊಲಕ್ಕೆ ಆನೆ ಬಂದರೂ ಮೊದಲು ಕೂಗುವುದು ನಮ್ಮ ಬಾಗಿಲಲ್ಲಿ. "ಮಿಲ್ಟ್ರಿ ಅಣ್ಣೋ, ಬಾರಣ್ಣೋ!" ಅಂದರೆ ಸಾಕು, ನನ್ನ ಎದೆ ಧಸಕ್ಕೆನ್ನುತ್ತದೆ. ನನ್ನ ಗಂಡ ಯುದ್ಧದಲ್ಲಿ ಗುಂಡು ಹಾರುತ್ತಿದ್ದ ಕಡೆಗೇ ನುಗ್ಗಿ, ಏಟು ತಿಂದು ಬಿದ್ದಿದ್ದ ಜೊತೆಗಾರನನ್ನು ಹೊತ್ತು ತಂದವರು. ಪದಕ ಕೊಟ್ಟರು. ಅಷ್ಟು ಸಾಕಾಯಿತು ನಮ್ಮ ಊರಿಗೆ. ಪದಕ ತಗೊಂಡವರಿಗೆ ಭಯವೇ ಇರುವುದಿಲ್ಲವಂತೆ, ಆನೆ ಓಡಿಸೋಕೆ ಅವರೇ ಮುಂದೆ ನಿಲ್ಲಬೇಕಂತೆ. ಅಯ್ಯೋ, ಆನೆ ಏನು ಪದಕ ನೋಡಿ ಸಲಾಮು ಹೊಡೆಯುತ್ತದಾ?

ಊರಿಗೆ ಗೊತ್ತಿಲ್ಲದ್ದು ಒಂದಿದೆ. ಅವರಿಗೆ ಎಡಗಿವಿ ಕೇಳುವುದಿಲ್ಲ. ಯುದ್ಧದಲ್ಲಿ ಶೆಲ್ ಸಿಡಿದು ಹೋದದ್ದು. ಯಾರಿಗೂ ಹೇಳಕೂಡದು ಅಂತ ನನ್ನಿಂದ ಆಣೆ ಮಾಡಿಸಿಕೊಂಡಿದ್ದಾರೆ. ಹಾಗಾಗಿ ಅವರು ಆನೆ ಓಡಿಸಲು ಹೊರಟಾಗೆಲ್ಲ ನಾನೂ ಸೆರಗು ಸಿಕ್ಕಿಸಿಕೊಂಡು ಅವರ ಎಡಗಡೆಗೇ ನಡೆಯುತ್ತೇನೆ. "ಗಂಡನ್ನ ಬುಟ್ಟು ಇರಾಕಿಲ್ವಾ ಅತ್ಗೆ?" ಅಂತ ಹುಡುಗರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಹೋದ ವಾರ ಬೆಳಿಗ್ಗೆ ಪಕ್ಕದ ಬಾಳೆ ತೋಟದಲ್ಲಿ ಆನೆ ನಿಂತಿತ್ತು. ಬೆಳಕಾದರೂ ಕಾಡಿಗೆ ಹೋಗಿರಲಿಲ್ಲ. ಜನ ತಗಡು ಬಡಿಯುತ್ತಿದ್ದರು, ಪಟಾಕಿ ಹಚ್ಚುತ್ತಿದ್ದರು. ನಮ್ಮೋರು ಎಲ್ಲರಿಗಿಂತ ಮುಂದೆ. ಬದುವಿನ ಮುಳ್ಳಿಗೆ ಸೀರೆ ಸಿಕ್ಕಿ ನಾನು ಹಿಂದುಳಿದೆ. ಅಷ್ಟರಲ್ಲಿ ಎಡಗಡೆ ಬಾಳೆಗಿಡಗಳು ಲಟಲಟ ಮುರಿದವು. ಇನ್ನೊಂದು ಆನೆ! "ಓಡ್ಬನ್ನಿ, ಓಡ್ಬನ್ನಿ" ಅಂತ ಕಿರುಚುತ್ತಾ ಎಲ್ಲರೂ ಕಾಲಿಗೆ ಬುದ್ಧಿ ಹೇಳಿದರು. ಪಟಾಕಿ ಸದ್ದಿನಲ್ಲಿ ಆ ಕೂಗು ಅವರ ಬಲಗಿವಿಗೂ ಬೀಳಲಿಲ್ಲ, ಅವರು ಮಾತ್ರ ಮುಂದಕ್ಕೇ ಹೆಜ್ಜೆ ಹಾಕುತ್ತಿದ್ದರು. ಹರಿದರೆ ಹರಿಯಲಿ ಸೀರೆ ಅಂತ ಓಡಿಹೋಗಿ ಅವರ ಅಂಗಿ ಹಿಡಿದು ಎಳೆದೆ. ತಿರುಗಿದರು, ಆನೆ ಕಂಡರು. ಇಬ್ಬರೂ ಬಿದ್ದೆವೋ ಎದ್ದೆವೋ ಅಂತ ಓಡಿದೆವು.

ಮನೆಗೆ ಬಂದು ಜಗಲಿ ಮೇಲೆ ಕೂತೆವು. ನಾನು ಕೊಟ್ಟ ನೀರನ್ನು ಅರ್ಧ ಅಂಗಿ ಮೇಲೇ ಚೆಲ್ಲಿಕೊಂಡರು.

"ಯಾಕ್ ಸಾಯಾಕ್ ಓಯ್ತೀರಿ?" ಅಂತ ಬೈದೆ. ಬೈಯುತ್ತಲೇ ಅತ್ತೆ.

"ಅವತ್ತೂ ಇಂಗೇ ಕಣಮ್ಮಿ," ಅಂದರು. "ಶೆಲ್ ಬಿದ್ದೇಟ್ಗೆ ವಾಪಸ್ ಬನ್ನಿ ಅಂತ ಎಲ್ರೂ ಕೂಗವ್ರೆ. ನಂಗೆ ಎಲ್ಡು ಕಿವೀನೂ ಗುಂಯ್ ಅಂತಿತ್ತು. ಎಲ್ರೂ ಇಂದೆ ಬತ್ತಾವ್ರೆ ಅಂದ್ಕಂಡು ಮುಂದಕ್ಕೋದೆ. ಬಿದ್ದಿದ್ದೋನ್ನ ಎತ್ಕಂಡು ತಿರುಗಿ ನೋಡ್ತೀನಿ, ಒಬ್ರೂ ಇಲ್ಲ. ಆ ಭಯ ಇನ್ನೂ ಓಗಿಲ್ಲ."

"ಮತ್ತೆ ಆನೆ ಮುಂದೆ ಓಗಿ ನಿಂತ್ಕತೀರಲ್ಲ?"

"ಪದಕ ಕೊಟ್ಬುಟ್ಟವ್ರಲ್ಲಮ್ಮಿ. ಬರಾಕಿಲ್ಲ ಅಂತ ಎಂಗನ್ನದು?"

ನಿನ್ನೆ ಮಧ್ಯಾಹ್ನ ಉಂಡು ಮಲಗಿದ್ದರು, ಬಲಗಿವಿ ದಿಂಬಿಗೆ ಒತ್ತಿಕೊಂಡು. ಬಾಗಿಲಲ್ಲಿ ಕೂಗು ಬಂತು, "ಮಿಲ್ಟ್ರಿ ಅಣ್ಣೋ!" ಅವರು ಮಿಸುಕಲಿಲ್ಲ. ನಾನು ಹೊರಗೆ ಹೋಗಿ ಬಾಗಿಲು ಎಳೆದುಕೊಂಡೆ.

"ಗುಂಡ್ಲುಪೇಟೆಗೆ ಓಗವ್ರೆ ಕಣ್ರಪ್ಪಾ. ಬರಾದು ಸಂಜೆ ಆಯ್ತದೆ."

ಒಳಗೆ ಬಂದು ಅವರ ಪಕ್ಕದಲ್ಲಿ ಕೂತೆ. ದೂರದಲ್ಲಿ ಪಟಾಕಿ ಸಿಡಿಯುವುದು ಕೇಳಿಸುತ್ತಲೇ ಇತ್ತು, ನನಗೊಬ್ಬಳಿಗೆ.