ಅಯಿಮ್ಕಾನ್ ಅಜ್ಜಿಯ ಬೇಯದ ರೊಟ್ಟಿ

ಹಿಮದ ಘಟ್ಟದ ಬುಡದಲ್ಲಿ ಚಹಾದಂಗಡಿ ಇಟ್ಟಿರುವ ಅಯಿಮ್ಕಾನ್ ಅಜ್ಜಿಯಷ್ಟು ನಿಧಾನವಾಗಿ ರೊಟ್ಟಿ ಸುಡುವವರು ಕಿರ್ಗಿಜ್ ನಾಡಿನಲ್ಲೇ ಇಲ್ಲ ಎಂಬುದು ಟ್ಯಾಕ್ಸಿ ಓಡಿಸುವ ಜೋಲ್ದೋಶನ ಖಚಿತ ಅಭಿಪ್ರಾಯ. ಅದರಲ್ಲೂ ಹೊಸ ಹಿಮ ಬಿದ್ದ ಮರುದಿನ ಚುರುಕು ಬಿಸಿಲೇರಿದರೆ ಆಕೆಯ ಒಲೆಗೇ ಸೋಮಾರಿತನ ಬಡಿಯುತ್ತದೆ. ಆ ನಾಡಿನ ರೂಢಿಯಂತೆ ರೊಟ್ಟಿಯ ಚೂರಾದರೂ ಬಾಯಿಗಿಡದೆ ಅತಿಥಿ ಹೊಸಿಲು ದಾಟುವಂತಿಲ್ಲವಲ್ಲ, ಘಟ್ಟ ಹತ್ತಬೇಕಾದ ಪ್ರಯಾಣಿಕರು ಚಹಾ ಕುಡಿದು ಕುಡಿದು ಹೊಟ್ಟೆ ಉಬ್ಬಿಸಿಕೊಂಡು ಕೂರುತ್ತಾರೆ. "ಅಜ್ಜೀ, ಗೋಧಿನಾದ್ರೂ ಬಿತ್ತಿದ್ದೀಯೋ ಇಲ್ವೋ?" ಎಂದು ಜೋಲ್ದೋಶ್ ರೇಗಿದರೆ, "ಬಿತ್ತಿದ್ದೀನಪ್ಪಾ, ಮೊಳಕೆ ಬರ್ಲಿ, ಕೂತ್ಕೋ" ಎಂದು ಇನ್ನೊಂದು ಬಟ್ಟಲು ತುಂಬಿಸುತ್ತಾಳೆ. ಮೊನ್ನೆಯೂ ಹಾಗೇ ಅವನು ಬೈಯುತ್ತಾ ಕೂತಿದ್ದಾಗ, ಮೇಲಿನ ಇಳಿಜಾರಿನ ಹಿಮವೆಲ್ಲ ಗುಡುಗುತ್ತಾ ಘಟ್ಟದ ರಸ್ತೆಗೆ ಕುಸಿಯಿತು. ಸದ್ದಡಗಿದ ಮೇಲೆ ಅಜ್ಜಿ ಶಾಲಿನಡಿಯಿಂದ ರೊಟ್ಟಿ ತೆಗೆದುಕೊಟ್ಟಳು. ಜೋಲ್ದೋಶ್ ಮುರಿದು ನೋಡಿದರೆ, ಅದು ಬೆಳಗ್ಗೆಯೇ ಬೆಂದು ತಣ್ಣಗಾಗಿತ್ತು.