ಓಣಿಗೆ ಹೋದ ರೇಡಿಯೋ

ಹೋದ ವಾರ ನಮ್ಮ ತರಗತಿಯ ಟಿವಿ ರಿಮೋಟು ಕೆಲಸ ಮಾಡಲಿಲ್ಲ. ಹಿಂದಿನ ಮುಚ್ಚಳ ಬಿಚ್ಚಿ ನೋಡಿದರೆ ಸೆಲ್ಲುಗಳು ಸೋರಿ, ಸ್ಪ್ರಿಂಗಿನ ಸುತ್ತ ಬಿಳಿ ಪುಡಿ ಕಟ್ಟಿತ್ತು. ಉಗುರಿನಿಂದ ಕೆರೆದೆ. ಪೂರಾ ಹುಳಿಯೂ ಅಲ್ಲದ, ಪೂರಾ ತುಕ್ಕೂ ಅಲ್ಲದ ಒಂದು ವಾಸನೆ ಮೂಗಿಗೆ ಬಡಿಯಿತು. ಮಕ್ಕಳು ಟಿವಿಯ ಕಪ್ಪು ಪರದೆಯನ್ನೇ ನೋಡುತ್ತ ಕೂತಿದ್ದರು. ನಾನು ಮಾತ್ರ ಕುರುಗೋಡಿನಾಚೆಯ ಒಂದು ಹಳ್ಳಿ ಶಾಲೆಯ ಕಟ್ಟೆಯ ಮೇಲಿದ್ದೆ. ಎದುರಿಗೆ ಅಲ್ಲಿನ ಟೀಚರು, ಅಕ್ಕೋರು. ತೊಡೆಯ ಮೇಲೆ ರೇಡಿಯೋ, ಪಕ್ಕದಲ್ಲಿ ಬಿಚ್ಚಿಟ್ಟ ಸೆಲ್ಲು, ಸೆರಗಿನ ಚುಂಗಿನಿಂದ ಅದೇ ಬಿಳಿ ಪುಡಿಯನ್ನು ಒರೆಸುತ್ತಿದ್ದಾರೆ…

ನಾನು ಆಗ ಹೊಸ ಮಾಸ್ತರು. ಸಿರುಗುಪ್ಪದವನು. ನೌಕರಿ ಸಿಗುವ ಮೊದಲು ಬಳ್ಳಾರಿಯಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತಿದ್ದೆ. ಆ ಸರ್ಟಿಫಿಕೇಟಿಗೆ ಲ್ಯಾಮಿನೇಶನ್ ಮಾಡಿಸಿ, ಕೇಳಿದವರಿಗೂ ಕೇಳದವರಿಗೂ ತೋರಿಸುತ್ತಿದ್ದೆ. ಜಿಲ್ಲೆಯಲ್ಲಿ ಗಣಿಯ ಭರಾಟೆ ನಡೆದಿದ್ದ ಕಾಲ ಅದು. ರಸ್ತೆಯುದ್ದಕ್ಕೂ ಅದಿರಿನ ಲಾರಿ. ಬಳ್ಳಾರಿಗೆ ಒಂದು ಸಲ ಹೋಗಿ ಬಂದರೆ ಬಿಳಿ ಅಂಗಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು. ಎಲ್ಲರೂ ಎಲ್ಲಿಗೋ ಅವಸರದಲ್ಲಿ ಹೊರಟಂತಿದ್ದರು, ನಾನೂ ಅವಸರದಲ್ಲಿದ್ದೆ.

ಅಕ್ಕೋರಿಗೆ ಅವಸರವಿರಲಿಲ್ಲ. ನಿವೃತ್ತಿಗೆ ಕೆಲವೇ ವರ್ಷ ಉಳಿದಿದ್ದ ಹಿರಿಯ ಶಿಕ್ಷಕಿ. ತೆಕ್ಕಲಕೋಟೆಯ ಮುಸ್ಲಿಂ ಮನೆತನದವರು, ಮನೆಯಲ್ಲೂ ಮಾತು ಕನ್ನಡವೇ. ಗಂಡ ಕುರುಗೋಡಿನಲ್ಲಿ ಟೇಲರ್. ಮೂರನೇ ತರಗತಿಯ ಮಕ್ಕಳು ಅವರ ಪಾಲಿಗಿದ್ದರು. ಊರಿನ ಅರ್ಧ ಜನ ಅವರ ಕೈಯಲ್ಲೇ ಅಕ್ಷರ ಕಲಿತವರು, ಹಾಗಾಗಿ ಮೀಸೆ ಬಂದ ಗಂಡಸರೂ ಅವರನ್ನು ಕಂಡರೆ ಬೀಡಿ ಬಚ್ಚಿಡುತ್ತಿದ್ದರು.

ಆಗ ವಾರದ ಕೆಲವು ದಿನ ಮಧ್ಯಾಹ್ನದ ಊಟವಾದ ಮೇಲೆ ರೇಡಿಯೋದಲ್ಲಿ ಮಕ್ಕಳ ಪಾಠ ಬರುತ್ತಿತ್ತು. ಹಾಡು, ಕತೆ, ನಡುವೆ 'ಎದ್ದು ನಿಲ್ಲಿ, ಚಪ್ಪಾಳೆ ತಟ್ಟಿ' ಎಂಬ ಹೆಣ್ಣು ದನಿ. ಸರ್ಕಾರ ಕೊಟ್ಟ ರೇಡಿಯೋ ಬಹಳ ಶಾಲೆಗಳಲ್ಲಿ ಬೀರುವಿನೊಳಗೆ ಬೀಗ ಹಾಕಿಸಿಕೊಂಡು ಕೂತಿತ್ತು. ನಮ್ಮಲ್ಲಿ ಅದು ಊರು ಸುತ್ತುತ್ತಿತ್ತು. ಮೊದಲ ದಿನ ನೋಡಿದಾಗ ನನಗೆ ನಗು ತಡೆಯಲಾಗಲಿಲ್ಲ. ಪಾಠದ ಹೊತ್ತಿಗೆ ಒಂದೇ ಒಂದು ಮಗು ತಪ್ಪಿಸಿಕೊಂಡಿದ್ದರೂ ಅಕ್ಕೋರು ರೇಡಿಯೋ ಹಚ್ಚಿ, ಎದೆಗೆ ಅವಚಿಕೊಂಡು ಹೊರಗೆ ನಡೆದುಬಿಡುತ್ತಿದ್ದರು. ಹಿಂದೆ ಇಡೀ ತರಗತಿ, ಹಾಡಿಗೆ ದನಿಗೂಡಿಸುತ್ತ. ಬಾರದ ಮಗುವಿನ ಓಣಿಗೆ ಹೋಗಿ, ಮನೆಯ ಮುಂದಿನ ಕಟ್ಟೆಯ ಮೇಲೆ ರೇಡಿಯೋ ಇಟ್ಟು, ಅಲ್ಲೇ ಎಲ್ಲರನ್ನೂ ಕೂರಿಸಿ ಪಾಠ ಮುಗಿಸುತ್ತಿದ್ದರು. ಎಮ್ಮೆ ಕಾಯಲು ಹೊರಟವನೂ, ತಮ್ಮನನ್ನು ಎತ್ತಿಕೊಂಡು ನಿಂತವಳೂ ಪಾಠ ಕೇಳಲೇಬೇಕು. ಮರುದಿನ ನಾಚಿಕೆಗಾದರೂ ಶಾಲೆಗೆ ಬರುತ್ತಿದ್ದರು.

ಇದೆಲ್ಲ ಯಾಕೆ, ಮನೆಗೆ ಒಬ್ಬ ಹುಡುಗನನ್ನು ಕಳಿಸಿ ಕರೆಸಿದರೆ ಸಾಲದೇ ಎಂದು ಒಮ್ಮೆ ಕೇಳಿದೆ.

"ಕೈಯಾಗ ಹಿಡಿಯಾಕ ಬರೋವಂಥಾ ವಸ್ತು ಕೊಟ್ಟಾರ್ರಿ ಸರ್. ಹುಡುಗ್ರು ಎಲ್ಲಿ ಅದಾರೋ ಅಲ್ಲಿಗಿ ಒಯ್ಯಬೇಕು," ಎಂದರು.

ಆ ರೇಡಿಯೋದ ಸ್ಟೇಷನ್ ಹಿಡಿಯುವ ಕೆಲಸ ಒಬ್ಬ ಹುಡುಗಿಯದು. ಸಣ್ಣ ಕೈ, ಎರಡು ಜಡೆ. ಜಡೆಗೆ ಅಕ್ಕೋರ ಗಂಡನ ಅಂಗಡಿಯ ಚೂರು ಬಟ್ಟೆಯ ರಿಬ್ಬನ್, ಒಂದು ಕಡೆ ಕೆಂಪಾದರೆ ಇನ್ನೊಂದು ಕಡೆ ಹಸಿರು. ಕಿವಿಯನ್ನು ಸ್ಪೀಕರಿಗೆ ಒತ್ತಿ, ಮುಳ್ಳನ್ನು ಕೂದಲೆಳೆಯಷ್ಟು ಸರಿಸುತ್ತಿದ್ದಳು. ಅವಳ ಕೈಗೆ ಸಿಕ್ಕಷ್ಟು ಸ್ವಚ್ಛವಾಗಿ ಸ್ಟೇಷನ್ ಬೇರೆ ಯಾರ ಕೈಗೂ ಸಿಗುತ್ತಿರಲಿಲ್ಲ, ಅಕ್ಕೋರಿಗೂ ಕೂಡ. ಓದಿನಲ್ಲಿ ಹಿಂದಿದ್ದಳು. ಆದರೆ ರೇಡಿಯೋ ಪಾಠವಿದ್ದ ದಿನ ಅವಳು ತಪ್ಪಿಸಿದ್ದೇ ಇಲ್ಲ.

ಅದೇ ವರ್ಷ ಅದಿರಿನ ವ್ಯಾಪಾರಿಯೊಬ್ಬರು ನಮ್ಮ ಶಾಲೆಗೆ ಎರಡು ಕಂಪ್ಯೂಟರ್ ಕೊಟ್ಟರು. ಹೆಡ್‌ಮಾಸ್ತರು ಅವನ್ನು ನನ್ನ ವಶಕ್ಕೆ ಒಪ್ಪಿಸಿದರು. ನಾನು ನೆಲದ ಮೇಲೆ ನಡೆಯುವುದನ್ನು ಬಿಟ್ಟೆ. ಸಾಮಾನಿನ ಕೋಣೆ ಖಾಲಿ ಮಾಡಿಸಿ, ಕಿಟಕಿಗೆ ಪರದೆ ಹಾಕಿಸಿ, ಕೆಂಪು ಧೂಳು ಕೂರದಂತೆ ಕಂಪ್ಯೂಟರುಗಳಿಗೆ ಬಟ್ಟೆಯ ಕುಲಾಯಿ ಹೊಲಿಸಿದೆ. ಕಾಲು ತೊಳೆಯದೆ ಯಾರೂ ಒಳಗೆ ಬರುವಂತಿಲ್ಲ, ಬಂದರೂ ಮುಟ್ಟುವಂತಿಲ್ಲ. ಬೀಗದ ಕೈ ನನ್ನ ಸೊಂಟದಲ್ಲಿ. ಮೂರನೇ ತರಗತಿಯವರಿಗೆ ಕಿಟಕಿಯಿಂದ ನೋಡುವ ಅವಕಾಶವನ್ನು ದೊಡ್ಡ ಮನಸ್ಸು ಮಾಡಿ ಕೊಟ್ಟಿದ್ದೆ.

ಆ ಹುಡುಗಿ ಕಿಟಕಿಯ ಸರಳು ಹಿಡಿದು ಬಹಳ ಹೊತ್ತು ನೋಡಿ ಕೇಳಿದಳು: "ಸರ್, ಇದನ್ನ ಓಣಿಗಿ ಒಯ್ಯಾಕ ಬರತೈತೇನ್ರಿ?"

ನಾನು ಜೋರಾಗಿ ನಕ್ಕೆ. ಉಳಿದ ಮಕ್ಕಳೂ ನಕ್ಕರು. ಅವಳು ಸರಳು ಬಿಟ್ಟು ಹೋದಳು.

ಕೆಲವು ದಿನಗಳ ನಂತರ ಒಂದು ಮಧ್ಯಾಹ್ನ ಅವಳು ಬರಲಿಲ್ಲ. ಅಕ್ಕೋರು ಎಂದಿನಂತೆ ರೇಡಿಯೋ ಹಿಡಿದು ಹೊರಟರು. ಅವಳ ಮನೆಗೆ ಬೀಗ ಬಿದ್ದಿತ್ತು. ಸಂಡೂರಿನ ಕಡೆಯ ಗುಡ್ಡಕ್ಕೆ ಅದಿರು ಆರಿಸುವ ಕೆಲಸಕ್ಕೆ ಒಂದು ಲಾರಿ ಜನ ಹೋಗಿದ್ದರು, ಅವರಲ್ಲಿ ಅವಳ ತಾಯಿ, ಅವಳು. ಪಕ್ಕದ ಮನೆಯಾಕೆ ಹೇಳಿದ್ದಿಷ್ಟು. ಅಕ್ಕೋರು ಕೂಡಲೇ ಮರಳಲಿಲ್ಲ. ಬೀಗ ಹಾಕಿದ ಬಾಗಿಲ ಮುಂದೆಯೇ ಮಕ್ಕಳನ್ನು ಕೂರಿಸಿ ಪಾಠ ಮುಗಿಸಿದರಂತೆ. ಸ್ಟೇಷನ್ ಅಂದು ಸರಿಯಾಗಿ ಹಿಡಿಯಲೇ ಇಲ್ಲ ಎಂದು ಮಕ್ಕಳು ಹೇಳಿದರು.

ಇನ್ನು ನನ್ನ ಪಾಲಿನ ಸಂಗತಿ. ಮೇಲಿನ ಕಚೇರಿಯಿಂದ ಆಗ ಹೊಸ ಆದೇಶ ಬಂದಿತ್ತು, ಕಂಪ್ಯೂಟರ್ ಇರುವ ಶಾಲೆಗಳು ಪ್ರತಿ ತಿಂಗಳೂ ಮಕ್ಕಳ ಹಾಜರಿಯನ್ನು ಟೈಪು ಮಾಡಿ ಕಳಿಸಬೇಕು ಎಂದು. ಒಂದು ತಿಂಗಳ ಪಟ್ಟಿಯನ್ನು ಕಣ್ಣು ನೋಯುವಷ್ಟು ಹೊತ್ತು ಕೂತು ಮಾಡಿದ್ದೆ. ಎರಡನೇ ತಿಂಗಳಿಗೆ ಒಂದು ಉಪಾಯ ಹೊಳೆಯಿತು. ಹಳೆಯ ಪಟ್ಟಿಯನ್ನೇ ಕಾಪಿ ಮಾಡಿ ಪೇಸ್ಟ್ ಮಾಡಿ, ತಿಂಗಳ ಹೆಸರು ಬದಲಿಸಿ, ಬಾರದವರ ಸಾಲನ್ನಷ್ಟೇ ತಿದ್ದಿದರೆ ಮುಗಿಯಿತು. ಅರ್ಧ ಗಂಟೆಯ ಕೆಲಸ. ಅಕ್ಕೋರ ಕೈಬರಹದ ಹಾಜರಿ ಪುಸ್ತಕ ಪಕ್ಕದಲ್ಲೇ ತೆರೆದಿತ್ತು. ಆ ಹುಡುಗಿಯ ಹೆಸರಿನ ಮುಂದೆ ಲಾರಿ ಹೋದ ದಿನದಿಂದ ಗೈರು, ಗೈರು, ಗೈರು. ಪರದೆಯ ಮೇಲೆ ಅವಳ ಸಾಲು ಹಿಂದಿನ ತಿಂಗಳಿನಂತೆ ಪೂರಾ ಹಾಜರಿಯಿಂದ ತುಂಬಿಕೊಂಡಿತ್ತು.

ನಾನು ಅದನ್ನು ನೋಡಿದೆ. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆಯಬೇಕು. ಕಣ್ತಪ್ಪಲ್ಲ. ಅಷ್ಟರಲ್ಲಿ ಹೆಡ್‌ಮಾಸ್ತರು ಬಂದು ಹೆಗಲ ಮೇಲಿಂದ ಇಣುಕಿ, ಎಷ್ಟು ಚೆಂದ ಕಾಣತೈತಿ, ಒಂದೂ ತೂತಿಲ್ಲ, ಹಿಂಗ ಇರಲಿ ಬಿಡ್ರಿ ಎಂದರು. ಶಾಲೆ ಬಿಟ್ಟ ಮಕ್ಕಳ ಸಂಖ್ಯೆ ಸೊನ್ನೆ ಇರಬೇಕೆಂದು ಅವರಿಗೂ ಮೇಲಿನಿಂದ ಒತ್ತಡವಿತ್ತು. ನಾನು ಹೊಗಳಿಕೆಗೆ ಉಬ್ಬಿದ ಮನುಷ್ಯ. ಮೌಸಿನ ಮೇಲಿದ್ದ ಕೈ ಅಲ್ಲಾಡಲಿಲ್ಲ. ಪ್ರಿಂಟ್ ತೆಗೆದು ಕಳಿಸಿಬಿಟ್ಟೆ.

ಮುಂದಿನ ತಿಂಗಳು ಬಳ್ಳಾರಿಯ ಒಂದು ಕಚೇರಿ ಗಣಿಗಳಲ್ಲಿ ದುಡಿಯುತ್ತಿದ್ದ ಮಕ್ಕಳನ್ನು ಹುಡುಕಿ ವಸತಿ ಶಾಲೆಗೆ ಸೇರಿಸುವ ಕೆಲಸಕ್ಕೆ ಇಳಿಯಿತು. ಸುದ್ದಿ ತಿಳಿದ ಕೂಡಲೇ ಅಕ್ಕೋರು ರಜೆ ಹಾಕಿ, ಹಾಜರಿ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದರು. ಸಂಜೆ ನಾನು ಬೀಗ ಹಾಕುತ್ತಿದ್ದಾಗ ನೇರವಾಗಿ ಕಂಪ್ಯೂಟರ್ ಕೋಣೆಯ ಬಾಗಿಲಿಗೆ ಬಂದು ನಿಂತರು. ಮುಖ, ಸೀರೆ ಎಲ್ಲ ಧೂಳು. ಅಲ್ಲಿ ನಡೆದದ್ದನ್ನು ಹೇಳಿದರು. ಶಾಲೆ ಬಿಟ್ಟವರ ಪಟ್ಟಿಯಲ್ಲಿ ಹೆಸರಿದ್ದ ಮಕ್ಕಳನ್ನು ಮಾತ್ರ ಹುಡುಕುತ್ತಾರಂತೆ. ಗುಮಾಸ್ತ ನಮ್ಮ ಶಾಲೆಯ ಕಾಗದ ತೆಗೆದು ತೋರಿಸಿ, ಈ ಮಗು ಒಂದು ದಿನವೂ ತಪ್ಪಿಸಿಲ್ಲ, ನೀವು ಯಾರನ್ನು ಹುಡುಕಬೇಕು ಅಂತೀರಿ ಎಂದು ಕೇಳಿದನಂತೆ. ಹಾಜರಿ ಪುಸ್ತಕ ಮುಂದಿಟ್ಟರೆ, ಕೈಯಲ್ಲಿ ಬರೆದದ್ದನ್ನು ಯಾವಾಗ ಬೇಕಾದರೂ ತಿದ್ದಬಹುದು, ಕಂಪ್ಯೂಟರಿನದು ಹಾಗಲ್ಲ ಎಂದನಂತೆ.

ಅಷ್ಟು ಹೇಳಿ ಅಕ್ಕೋರು ನನ್ನ ಕಡೆ ನೋಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

"ನಿಮ್ಮ ಕಂಪ್ಯೂಟರ್‌ನ್ಯಾಗ ಆಕಿ ದಿನಾ ಸಾಲಿಗಿ ಬಂದಾಳಂತ್ರಿ ಸರ್. ಹಂಗಾರ ಕರಕೊಂಡ ಬರ್ರಿ. ನಾನು ರೇಡಿಯೋ ಹಚ್ಚತೀನಿ."

ನನ್ನ ಬಾಯಿಂದ ಬಂದದ್ದು ಒಂದೇ ಮಾತು: "ಮಷೀನ್ ತಪ್ಪು ಅಕ್ಕೋರೆ. ಹಳೇದು ಹಂಗ ಉಳಕೊಂಡೈತಿ, ನನಗ ಗೊತ್ತಾಗಿಲ್ಲ."

ಅಕ್ಕೋರು "ಹೌದೇನು," ಎಂದು ಹೊರಟುಹೋದರು. ಮರುದಿನ ಪಟ್ಟಿ ತಿದ್ದುತ್ತೇನೆಂದು ಹೆಡ್‌ಮಾಸ್ತರ ಬಳಿ ಹೋದೆ. ಕಳಿಸಿದ್ದನ್ನು ತಿದ್ದಿದರೆ ವಿಚಾರಣೆ ಬರುತ್ತದೆ, ನಿಮ್ಮ ನೌಕರಿ ಇನ್ನೂ ಹೊಸದು ಎಂದರು. ನೌಕರಿಯ ಮಾತು ಬಂದದ್ದೇ ತಡ, ನಾನು ತೆಪ್ಪಗಾದೆ.

ಅಕ್ಕೋರು ತೆಪ್ಪಗಿರಲಿಲ್ಲ. ರೇಡಿಯೋ ಪಾಠವಿದ್ದ ಒಂದು ದಿನವನ್ನೇ ಆರಿಸಿ ಗುಡ್ಡಕ್ಕೆ ಹೊರಟರು. ಜೊತೆಗೆ ನಾನೂ ಬರುತ್ತೇನೆ ಎಂದೆ. ಒಳ್ಳೆಯತನದಿಂದಲ್ಲ, ಮಲಗಿದರೆ ನಿದ್ದೆ ಬರುತ್ತಿರಲಿಲ್ಲ. ಬಳ್ಳಾರಿಯಲ್ಲಿ ಬಸ್ಸು ಬದಲಿಸಿ, ಮುಂದೆ ಟೆಂಪೋ ಹಿಡಿದು, ಉಳಿದದ್ದನ್ನು ನಡೆದೆವು. ಗುಡ್ಡದ ಬುಡದಲ್ಲಿ ಹೊಲಗಳನ್ನೇ ಅಗೆದು ಹಾಕಿದ್ದರು. ಗುಂಡಿಗಳ ಪಕ್ಕ ಪ್ಲಾಸ್ಟಿಕ್ ಹಾಳೆಯ ಗುಡಿಸಲು. ಗಂಡಸರು ಅಗೆಯುವುದು, ಹೆಂಗಸರು ಜರಡಿ ಹಿಡಿಯುವುದು, ಮಕ್ಕಳು ಕಲ್ಲು ಆರಿಸಿ ಬುಟ್ಟಿಗೆ ಹಾಕುವುದು. ಎಲ್ಲರ ಮೈಯೂ ಒಂದೇ ಬಣ್ಣ. ಯಾರು ಯಾವ ಊರಿನವರೆಂದು ಮುಖ ನೋಡಿ ಹೇಳುವಂತಿರಲಿಲ್ಲ.

ಗುಂಡಿಯಿಂದ ಗುಂಡಿಗೆ ಹೋಗಿ ಕೇಳಿದೆವು. ಯಾರಿಗೂ ಗೊತ್ತಿಲ್ಲ. ಪಾಠದ ಹೊತ್ತಾಯಿತು. ಅಕ್ಕೋರು ಗಡಿಯಾರ ನೋಡಿ, ಒಂದು ಚಹಾದ ಅಂಗಡಿಯ ಬೆಂಚಿನ ಮೇಲೆ ರೇಡಿಯೋ ಇಟ್ಟು ದನಿಯನ್ನು ಪೂರ್ತಿ ಏರಿಸಿದರು. ಅವಳು ಎಲ್ಲಿದ್ದರೂ ಆ ದನಿ ಕೇಳಿದರೆ ಓಡಿ ಬರುತ್ತಾಳೆ ಎಂಬುದು ಅವರ ಲೆಕ್ಕ.

ಮಕ್ಕಳು ಬಂದರು. ಮೊದಲು ಇಬ್ಬರು, ಆಮೇಲೆ ಐದಾರು, ಆಮೇಲೆ ಬೆಂಚಿನ ಸುತ್ತ ಜಾಗವಿಲ್ಲದಷ್ಟು. ರೇಡಿಯೋದ ಹೆಣ್ಣು ದನಿ ಹೇಳಿತು, ಎದ್ದು ನಿಲ್ಲಿ. ಕೂತಿದ್ದವರು ಎದ್ದರು. ಒಂದು ಸುತ್ತು ತಿರುಗಿ ಎಂದಿತು, ತಿರುಗಿದರು. ಚಪ್ಪಾಳೆ ತಟ್ಟಿ ಎಂದಾಗ ಅಷ್ಟೂ ಕೆಂಪು ಕೈಗಳು ಒಟ್ಟಿಗೆ ತಟ್ಟಿದವು, ಧೂಳು ಎದ್ದಿತು. ಹಾಡಿನ ಸಾಲುಗಳೂ ಅವರಿಗೆ ಬರುತ್ತಿದ್ದವು. ನಮಗೆ ಬೇಕಾದ ಹುಡುಗಿ ಅವರಲ್ಲಿರಲಿಲ್ಲ…

ಅಕ್ಕೋರು ಒಬ್ಬೊಬ್ಬರನ್ನೂ ಹತ್ತಿರ ಕರೆದು ಊರು ಕೇಳಿದರು. ಸಿರುಗುಪ್ಪ ಕಡೆಯ ಹಳ್ಳಿಗಳ ಹೆಸರು ಬಂದವು, ನನ್ನೂರಿಗೆ ಹತ್ತಿರದವು. ಆಂಧ್ರದ ಗಡಿಯ ಊರುಗಳೂ ಬಂದವು. ಶಾಲೆಗೆ ಹೋಗುತ್ತಿದ್ದಿರಾ ಎಂದರೆ ಎಲ್ಲರೂ ಹೂಂ ಎಂದರು. ಮೇಸ್ತ್ರಿ ಬಂದು, ಹುಡುಗರು ಕೆಲಸ ಬಿಟ್ಟು ನಿಂತರೆ ಹೇಗೆ, ಅದನ್ನು ಬಂದ್ ಮಾಡಿ ಎಂದ. ಪಾಠ ಮುಗಿಯಲಿ ಎಂದು ಅಕ್ಕೋರು ಅವನಿಗೆ ಬೆನ್ನು ತಿರುಗಿಸಿದರು. ಮುಗಿದ ಮೇಲೆ ಮಕ್ಕಳು ಬುಟ್ಟಿ ಎತ್ತಿಕೊಂಡು ಹೋದರು.

ಖಾಲಿಯಾದ ಜಾಗವನ್ನೇ ನೋಡುತ್ತ ಅಕ್ಕೋರು ಹೇಳಿದರು: "ಇವ್ರೂ ಯಾವುದಾರ ಒಂದು ಸಾಲಿ ಪಟ್ಟ್ಯಾಗ ಹಾಜರೇ ಇರತಾರ. ಹೌದಲ್ರಿ ಸರ್?"

ಆಗಲೇ ಹೇಳಿಬಿಡಬೇಕಿತ್ತು. ಅಲ್ಲಿ ನಾವಿಬ್ಬರೇ ಇದ್ದೆವು. ಮಷೀನ್ ತಪ್ಪಲ್ಲ, ನಾನು ನೋಡಿಯೇ ಬಿಟ್ಟೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನಾನು ರೇಡಿಯೋದ ಮುಚ್ಚಳಕ್ಕೆ ಹಾಕಿದ್ದ ರಬ್ಬರ್ ಬ್ಯಾಂಡನ್ನು ಸರಿಪಡಿಸುತ್ತ ಕೂತೆ.

ಮರಳುವಾಗ ಒಬ್ಬ ಹೆಂಗಸು ಸುದ್ದಿ ಕೊಟ್ಟಳು. ಅಂಥ ತಾಯಿ ಮಗಳು ಇದ್ದರಂತೆ, ಬಣ್ಣ ಬಣ್ಣದ ರಿಬ್ಬನ್ನಿನ ಹುಡುಗಿ. ಮುಂಚಿನ ವಾರವೇ ಅವರನ್ನು ಇನ್ನೊಬ್ಬ ಗುತ್ತಿಗೆದಾರ ಕರೆದೊಯ್ದಿದ್ದ, ಎಲ್ಲಿಗೆಂದು ಅವಳಿಗೆ ತಿಳಿಯದು. ನಮ್ಮ ಹುಡುಕಾಟ ಅಲ್ಲಿಗೆ ನಿಂತಿತು. ಹುಡುಗಿ ಮತ್ತೆ ಬರಲಿಲ್ಲ. ನನ್ನ ಪಟ್ಟಿಯಲ್ಲಿ ಮಾತ್ರ ಅವಳು ಆ ವರ್ಷವೆಲ್ಲ ಒಂದು ದಿನವೂ ಶಾಲೆ ತಪ್ಪಿಸಲಿಲ್ಲ.

ಅಕ್ಕೋರು ನಿವೃತ್ತರಾಗಿ ತೆಕ್ಕಲಕೋಟೆಗೆ ಹೋದರು. ಗಣಿಯ ಭರಾಟೆಯೂ ಇಳಿಯಿತು. ನನಗೆ ಬಳ್ಳಾರಿಗೆ, ಸಂಗನಕಲ್ಲಿನ ರಸ್ತೆಯ ಈ ಶಾಲೆಗೆ ವರ್ಗವಾಯಿತು. ಸಿರುಗುಪ್ಪಕ್ಕೆ ಹೋಗುವ ಬಸ್ಸು ತೆಕ್ಕಲಕೋಟೆಯಲ್ಲಿ ನಿಂತಾಗಲೆಲ್ಲ, ಇಳಿದು ಹೋಗಿ ಹೇಳಿಬಿಡಬೇಕು ಅನಿಸುತ್ತಿತ್ತು. ಇಳಿಯಲಿಲ್ಲ. ಇಳಿದದ್ದು ಅವರು ತೀರಿಕೊಂಡ ಸುದ್ದಿ ಕೇಳಿದ ಮೇಲೆ. ಅವರ ಮಗಳು ನನ್ನ ಹೆಸರು ಕೇಳಿದ ಕೂಡಲೇ ಗುರುತು ಹಿಡಿದು, ಒಳಗೆ ಕರೆದು ನೀರು ಕೊಟ್ಟಳು.

"ಅಮ್ಮ ನಿಮ್ಮನ್ನ ಭಾಳ ನೆನಸತಿದ್ರು. 'ಆ ಹುಡುಗೀನ್ನ ಹುಡುಕಾಕ ನನ್ನ ಜೋಡಿ ಬಂದಾವ್ರು ಆ ಸರ್ ಒಬ್ರೇ' ಅಂತಿದ್ರು."

ಮಗಳಿಗಾದರೂ ಹೇಳಬಹುದಿತ್ತು. ಹೇಳಲಿಲ್ಲ, ಲೋಟ ಕೆಳಗಿಟ್ಟು ಎದ್ದುಬಂದೆ.

ರಿಮೋಟಿಗೆ ಹೊಸ ಸೆಲ್ಲು ಹಾಕಿದೆ. ಟಿವಿ ಹತ್ತಿಕೊಂಡಿತು, ಬಣ್ಣದ ಗಿಳಿಯೊಂದು ಮಗ್ಗಿ ಹೇಳತೊಡಗಿತು. ಪಾಠ ಚೆನ್ನಾಗಿದೆ, ಅದರಲ್ಲಿ ಸುಳ್ಳಿಲ್ಲ, ಮಕ್ಕಳು ಬೇಗ ಕಲಿಯುತ್ತಾರೆ. ಹಾಜರಿ ಈಗ ನನ್ನ ಮೊಬೈಲಿನಲ್ಲೇ. ತೆರೆದರೆ ಎಲ್ಲ ಹೆಸರುಗಳ ಮುಂದೆಯೂ ಮೊದಲೇ ಹಾಜರಿಯ ಹಸಿರು ಗುರುತು ಇರುತ್ತದೆ, ಬಾರದವರದನ್ನು ನಾವು ಒತ್ತಿ ಅಳಿಸಬೇಕು. ಅಂದು ಕಿಟಕಿಯ ಪಕ್ಕದ ಜಾಗ ಖಾಲಿ ಇತ್ತು. ಅಲ್ಲಿ ಕೂರುವವಳ ಮನೆ ಶಾಲೆಯ ಹಿಂದಿನ ಓಣಿಯಲ್ಲೇ, ಮೂರು ದಿನದಿಂದ ಬಂದಿಲ್ಲ. ಅವಳ ಹೆಸರಿನ ಹಸಿರನ್ನು ಒತ್ತಿ ಅಳಿಸಿದೆ. ಟಿವಿಯ ಕಡೆ ನೋಡಿದೆ. ನಾಲ್ಕು ಮೊಳೆ ಹೊಡೆದು ಗೋಡೆಗೆ ಭದ್ರವಾಗಿ ಕೂರಿಸಿದ್ದರು.

ಟಿವಿ ಆರಿಸಿದೆ. ಮಕ್ಕಳಿಗೆ ಚಪ್ಪಲಿ ಹಾಕಿಕೊಳ್ಳಲು ಹೇಳಿದೆ.